ಮಳೆಗಾಲದ ಪುಟವನ್ನು ಫಾಲ್ಗುಣದಲ್ಲಿ ಬರೆಯುವುದು

ಬ್ಲಾಗು ಬರೆಯುವವರನ್ನು ಕಂಡರೆ ಜನ ಕೇಳುವ ಪ್ರಶ್ನೆ ಈಚಿನ ವರ್ಷಗಳಲ್ಲಿ ಬದಲಾಗಿದೆ. ಮೊದಮೊದಲು “ಏನು ಬರೆಯುತ್ತೀರಿ?” ಎನ್ನುತ್ತಿದ್ದರು. ಆಮೇಲೆ “ಅದರಲ್ಲಿ ದುಡ್ಡು ಬರುತ್ತದಂತೆ, ಹೌದೇ?” ಎಂದು ದನಿ ತಗ್ಗಿಸಿ ಕೇಳತೊಡಗಿದರು. ಈಗಿನವರು ಅಷ್ಟನ್ನು ತಿಳಿದುಕೊಂಡೇ ಬಂದಿರುತ್ತಾರೆ. ಅವರಿಗೆ ಬೇಕಾದದ್ದು ಒಂದೇ ಲೆಕ್ಕ: “ದಿನಕ್ಕೆ ಎಷ್ಟು ಗಂಟೆ ಕೊಟ್ಟರೆ ಸಾಕು?” ಕಳೆದ ಬೇಸಿಗೆಯಲ್ಲಿ ಒಂದು ಉಪನಯನದ ಮನೆಯಲ್ಲಿ ಎರಡನೆಯ ಪಂಕ್ತಿಗೆ ಕಾಯುತ್ತ ಕೂತಿದ್ದಾಗ, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ದೂರದ ನೆಂಟರ ಹುಡುಗನೊಬ್ಬ ಇದನ್ನೇ ಕೇಳಿದ. ಕಚೇರಿ ಮುಗಿಸಿ ಬಂದ ಮೇಲೆ ರಾತ್ರಿ ಒಂದೂವರೆ ಗಂಟೆ, ಶನಿವಾರ ನಾಲ್ಕು ಗಂಟೆ ತೆಗೆಯಬಲ್ಲೆ, ಇಷ್ಟಕ್ಕೆ ವರ್ಷದೊಳಗೆ ಎಷ್ಟು ದುಡಿಯಬಹುದು ಎಂದು. ಮೊಬೈಲಿನಲ್ಲಿ ಬಣ್ಣಬಣ್ಣದ ಚೌಕಗಳ ವೇಳಾಪಟ್ಟಿಯನ್ನೂ ತೋರಿಸಿದ. ಅಚ್ಚುಕಟ್ಟಾಗಿಯೇ ಇತ್ತು. ನಾನು ಏನೋ ಹೇಳಲು ಹೊರಟೆ, ಅಷ್ಟರಲ್ಲಿ ಎಲೆ ಹಾಕಿದರು.

ಹೇಳಲು ಹೊರಟದ್ದು ಏನೆಂದು ಆಗ ನನಗೂ ಸ್ಪಷ್ಟವಿರಲಿಲ್ಲ. ಅವನ ಲೆಕ್ಕದಲ್ಲಿ ಎಲ್ಲೋ ಒಂದು ಕಡೆ ಎಳೆ ತಪ್ಪಿದೆ ಎನ್ನಿಸಿತ್ತು, ಅಷ್ಟೇ. ಶಿರಸಿಯ ಹತ್ತಿರದ ಹಳ್ಳಿಯಲ್ಲಿ ನಮ್ಮದು ಅಡಿಕೆ ತೋಟದ ಮನೆ. ನನ್ನ ಬ್ಲಾಗಿನ ವಿಷಯವೂ ಅದೇ: ಕೊಳೆರೋಗ (ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವುದು), ಎಲೆಚುಕ್ಕಿ, ಕೊಳೆಗೆ ಮದ್ದಾಗಿ ಹೊಡೆಯುವ ಬೋರ್ಡೋ ದ್ರಾವಣ, ಬೆಳೆ ವಿಮೆ, ಪಹಣಿಯ ತಕರಾರು, ಮಾರುಕಟ್ಟೆಯ ಬೆಲೆ. ಅದರಿಂದ ಬರುವ ಹಣ ಮನೆ ನಡೆಸುವಷ್ಟಲ್ಲ. ಆದರೆ ಮಳೆಗಾಲಕ್ಕೆ ಮದ್ದು ಹೊಡೆಸುವ ಖರ್ಚನ್ನು ಪೂರ್ತಿಯಾಗಿ ಹೊರುತ್ತದೆ, ಕೆಲವು ವರ್ಷ ಇನ್ನೂ ಸ್ವಲ್ಪ ಉಳಿಯುತ್ತದೆ. ಹಾಗಿದ್ದೂ ದಿನಕ್ಕೆ ಎಷ್ಟು ಗಂಟೆ ಎಂದು ನನ್ನನ್ನು ಕೇಳಿದರೆ ಉತ್ತರವಿಲ್ಲ. ಜೂನ್ ತಿಂಗಳಲ್ಲಿ ನಾನು ಹೆಚ್ಚುಕಡಿಮೆ ಏನನ್ನೂ ಬರೆಯುವುದಿಲ್ಲ, ಆದರೆ ಅತಿ ಹೆಚ್ಚು ಓದುಗರು ಬರುವುದು ಆ ತಿಂಗಳಲ್ಲೇ. ಬಣ್ಣದ ಚೌಕಗಳಲ್ಲಿ ಇದನ್ನು ಎಲ್ಲಿ ಕೂರಿಸುವುದು?

ಅಡೆತಡೆಯಿಲ್ಲದ ಎರಡು ಗಂಟೆ

ಸಮಯ ನಿರ್ವಹಣೆಯ ಬಗ್ಗೆ ಉಪದೇಶ ಕೊಡುವವರೆಲ್ಲರೂ ಒಂದು ಮಾತನ್ನು ತಪ್ಪದೆ ಹೇಳುತ್ತಾರೆ: ಬೆಳಿಗ್ಗೆ ಐದಕ್ಕೆ ಏಳಿ, ಲೋಕ ಏಳುವ ಮೊದಲು ಎರಡು ಗಂಟೆ ಅಡೆತಡೆಯಿಲ್ಲದೆ ಬರೆಯಿರಿ. ಇದನ್ನು ಬರೆದವರ ಮನೆಯಲ್ಲಿ ಹಸು ಇರಲಿಕ್ಕಿಲ್ಲ. ನಮ್ಮಲ್ಲಿ ಐದಕ್ಕೆ ಲೋಕ ಎದ್ದೇ ಇರುತ್ತದೆ, ಅದರಲ್ಲೂ ಕೊಟ್ಟಿಗೆಯ ಲೋಕ. ಆಮೇಲೆ ತಿಂಡಿ, ಮಕ್ಕಳ ಶಾಲೆಯ ಬಸ್ಸು, ತೋಟಕ್ಕೆ ಬಂದ ಆಳುಗಳಿಗೆ ಹತ್ತು ಗಂಟೆಯ ಆಸರಿ, ಅಡುಗೆ. ಮಧ್ಯಾಹ್ನ ಊಟ ಮುಗಿದು ಅತ್ತೆ ಮಲಗಿದ ಮೇಲೆ ಒಂದು ಗಂಟೆ ಸಿಗುತ್ತದೆ ಎಂದು ಲೆಕ್ಕ ಹಾಕಿದರೆ, ಆ ಗಂಟೆಯಲ್ಲಿ ಕರೆಂಟು ಇರುವುದಿಲ್ಲ. ಇಪ್ಪತ್ತೈದು ನಿಮಿಷ ಕೆಲಸ, ಐದು ನಿಮಿಷ ವಿರಾಮ ಎಂಬ ಇಟಲಿಯ ಪದ್ಧತಿಯೊಂದು ಬಹಳ ಪ್ರಸಿದ್ಧವಾಗಿದೆ. ಮಲೆನಾಡಿನ ಮಳೆಗಾಲದಲ್ಲಿ ಅದಕ್ಕೆಂದು ಬೇರೆ ಗಡಿಯಾರ ಬೇಕಾಗುವುದಿಲ್ಲ. ಕರೆಂಟೇ ನಮಗೆ ಕೆಲಸವನ್ನೂ ವಿರಾಮವನ್ನೂ ಅಳೆದು ಕೊಡುತ್ತದೆ.

ಹಾಗಾಗಿ ಸಿಗುವುದು ಚೂರುಪಾರು ಹೊತ್ತು. ಚೂರು ಹೊತ್ತಿನಲ್ಲಿ ಏನೂ ಆಗುವುದಿಲ್ಲ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಎಲ್ಲವೂ ಆಗುತ್ತದೆ ಎನ್ನುವವರ ಮಾತಂತೂ ಶುದ್ಧ ಸುಳ್ಳು. ಬೆಲೆ ತಿದ್ದುವುದು, ಓದುಗರ ಪ್ರಶ್ನೆಗೆ ಎರಡು ಸಾಲಿನ ಉತ್ತರ, ರೋಗ ಬಂದ ಗರಿಯ ಚಿತ್ರ ತೆಗೆದು ಹೆಸರು ಬರೆದಿಡುವುದು, ಕೆಟ್ಟುಹೋದ ಕೊಂಡಿಯನ್ನು ಸರಿಪಡಿಸುವುದು, ಇವೆಲ್ಲ ಅನ್ನ ಬೇಯುವಷ್ಟರಲ್ಲಿ ಮುಗಿಯುತ್ತವೆ. ವಿಮೆಯ ನಿಯಮವನ್ನು ಓದಿ, ಅರ್ಥ ಮಾಡಿಕೊಂಡು, ನಮ್ಮ ಚಿಕ್ಕಪ್ಪನಿಗೂ ತಿಳಿಯುವಂತೆ ಬರೆಯುವುದು ಮುಗಿಯುವುದಿಲ್ಲ. ಅದಕ್ಕೆ ಇಡೀ ಮಧ್ಯಾಹ್ನ ಬೇಕು, ಅದೂ ಮನಸ್ಸು ಮನೆಯಲ್ಲಿಲ್ಲದ ಮಧ್ಯಾಹ್ನ. ಅಂಥದ್ದು ವಾರಕ್ಕೊಮ್ಮೆ ಸಿಕ್ಕರೆ ದೊಡ್ಡದು. ಹಾಗಾಗಿ ಸಿಕ್ಕ ದಿನ ಏನು ಬರೆಯಬೇಕು ಎಂದು ಯೋಚಿಸುತ್ತ ಕೂರುವ ಐಷಾರಾಮ ನನಗಿಲ್ಲ. ಅಡುಗೆಮನೆಯ ಕಪಾಟಿನ ಬಾಗಿಲಿಗೆ ಒಂದು ಕಾಗದ ಅಂಟಿಸಿದ್ದೇನೆ. ಅದರಲ್ಲಿ ದೊಡ್ಡ ಮಧ್ಯಾಹ್ನಕ್ಕೆ ಕಾಯುತ್ತಿರುವ ವಿಷಯಗಳ ಹೆಸರು ಇರುತ್ತದೆ. ಒಗ್ಗರಣೆ ಸಿಡಿದು ಅದು ಓದಲಾಗದಂತಾದಾಗ ಹೊಸ ಕಾಗದ.

ಇನ್ನೊಂದು ಸಹಾಯ ಬಂದದ್ದು ಮೊಬೈಲಿನಿಂದ. 2017ರಲ್ಲಿ ಗೂಗಲ್ ಕನ್ನಡವನ್ನು ಕಿವಿಯಿಂದ ಕೇಳಿ ಬರೆಯಲು ಕಲಿಯಿತು. ಕೈಯಲ್ಲಿ ಹುಲ್ಲಿನ ಹೊರೆ ಇದ್ದರೂ ಬಾಯಿ ಖಾಲಿ ಇರುತ್ತದೆಯಲ್ಲ. ತೋಟದಿಂದ ಬರುವ ದಾರಿಯಲ್ಲಿ ಮಾತನಾಡಿದ್ದು ಮನೆಗೆ ಬರುವಷ್ಟರಲ್ಲಿ ಅಕ್ಷರವಾಗಿರುತ್ತದೆ. ಒಂದೇ ತೊಡಕೆಂದರೆ ಅದಕ್ಕೆ ನಮ್ಮ ಹವ್ಯಕ ಮಾತು ಸುತರಾಂ ಅರ್ಥವಾಗುವುದಿಲ್ಲ. ಮೈಲುತುತ್ತ (ಮದ್ದಿಗೆ ಹಾಕುವ ತಾಮ್ರದ ಸಲ್ಫೇಟ್) ಎಂದರೆ “ಮೈಲು ಸುತ್ತ” ಎಂದು ಬರೆದುಕೊಳ್ಳುತ್ತದೆ. ತೋಟದಲ್ಲಿ ಒಬ್ಬಳೇ ಪುಸ್ತಕದ ಕನ್ನಡದಲ್ಲಿ ದೊಡ್ಡದಾಗಿ ಮಾತನಾಡುತ್ತ ಬರುವ ನನ್ನನ್ನು ಕಂಡು, ಮರವೇರಿ ಅಡಿಕೆ ಗೊನೆ ಕೊಯ್ಯುವ ಕೊನೆಗೌಡ ಮೊದಲ ಸಲ ಮರದ ಮೇಲಿಂದಲೇ ಗಾಬರಿಯಾಗಿದ್ದ.

ಬೆಲೆಯ ಪುಟ

ಕನ್ನಡದಲ್ಲಿ ಓದುಗರನ್ನು ತರುವ ಬರಹಗಳಲ್ಲಿ ಬಹುಪಾಲು ಇವತ್ತು ಮಾತ್ರ ಬದುಕುವಂಥವು. 2023ರ ಬೇಸಿಗೆ, ಮಳೆಗಾಲಗಳಲ್ಲಿ ಇದು ಎಷ್ಟು ಜೋರಾಗಿತ್ತು ಎಂಬುದು ಎಲ್ಲರಿಗೂ ನೆನಪಿರಬೇಕು. ಜೂನ್‌ನಲ್ಲಿ ಗೃಹಜ್ಯೋತಿಯ ಅರ್ಜಿ, ಜುಲೈ 19ರಿಂದ ಗೃಹಲಕ್ಷ್ಮಿಯ ನೋಂದಣಿ. ಅರ್ಜಿ ಹಾಕುವುದು ಹೇಗೆ, ಹೆಸರು ಪಟ್ಟಿಯಲ್ಲಿದೆಯೇ, ಹಣ ಜಮಾ ಆಯಿತೇ ಎಂದು ಇಡೀ ರಾಜ್ಯವೇ ಮೊಬೈಲಿನಲ್ಲಿ ಹುಡುಕುತ್ತಿತ್ತು. ನನಗೆ ಗೊತ್ತಿರುವ ಒಬ್ಬರು ಆ ತಿಂಗಳುಗಳಲ್ಲಿ ರಾತ್ರಿ ನಿದ್ದೆಗೆಟ್ಟು ಸರ್ಕಾರಿ ಜಾಲತಾಣವನ್ನೇ ನೋಡುತ್ತಿದ್ದರು. ಆದೇಶ ಹೊರಬಿದ್ದ ಅರ್ಧ ಗಂಟೆಯೊಳಗೆ ಇವರ ಪುಟ ಸಿದ್ಧವಾಗಬೇಕಿತ್ತು. ತಡವಾದರೆ ಅಷ್ಟರಲ್ಲಿ ಬೇರೆ ನೂರು ಮಂದಿ ಬರೆದಿರುತ್ತಿದ್ದರು. ಹಣ ಬಂದದ್ದು ನಿಜ, ನನ್ನ ವರ್ಷದ ಗಳಿಕೆಯನ್ನು ಅವರು ತಿಂಗಳಲ್ಲಿ ಕಂಡರು. ನಾನು ಹೊಟ್ಟೆಕಿಚ್ಚು ಪಡಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಆ ಓಟದಲ್ಲಿ ಹೊತ್ತು ನಿಮ್ಮದಲ್ಲ. ಆದೇಶ ಹೊರಡಿಸುವವರು ರಾತ್ರಿ ಹನ್ನೊಂದಕ್ಕೆ ಹೊರಡಿಸಿದರೆ ನಿಮಗೂ ರಾತ್ರಿ ಹನ್ನೊಂದಕ್ಕೇ ಬೆಳಗಾಗಬೇಕು. ನೌಕರಿಯ ಅಧಿಸೂಚನೆ, ಪರೀಕ್ಷೆಯ ಫಲಿತಾಂಶಗಳ ಪುಟಗಳದ್ದೂ ಇದೇ ಕಥೆ. ಬೇರೆ ಕೆಲಸವಿಲ್ಲದ, ಅಥವಾ ಇದನ್ನೇ ಕೆಲಸ ಮಾಡಿಕೊಂಡವರಿಗೆ ಅದು ಸರಿ. ಕಚೇರಿ ಮುಗಿಸಿ ರಾತ್ರಿ ಒಂದೂವರೆ ಗಂಟೆ ತೆಗೆಯುವ ಹುಡುಗನಿಗೆ ಅದು ಆಗಿಬರುವುದಿಲ್ಲ.

ನನ್ನ ಬ್ಲಾಗಿನಲ್ಲೂ ಈ ಜಾತಿಯದೊಂದು ಇದೆ, ಅಡಿಕೆ ಬೆಲೆಯ ಪುಟ. ಶಿರಸಿ, ಸಾಗರ, ಶಿವಮೊಗ್ಗ, ಚನ್ನಗಿರಿ, ಪುತ್ತೂರು. ಅಡಿಕೆಯ ಬಗೆಗಳಲ್ಲಿ ರಾಶಿ, ಬೆಟ್ಟೆ, ಚಾಲಿ, ಬಿಳಿಗೋಟು, ಕೆಂಪುಗೋಟು. ಸರ್ಕಾರದ ಕೃಷಿ ಮಾರಾಟ ವಾಹಿನಿ ಜಾಲತಾಣದಲ್ಲಿ ಸಿಗುವ ಅಂಕಿಗಳನ್ನು, ಸೊಸೈಟಿಯ ಟೆಂಡರಿನ ಸುದ್ದಿಯನ್ನು ಜೋಡಿಸಿ ಹಾಕುತ್ತೇನೆ. ಹಾಗೆ ಮಾಡುವ ಇತರರು ದಿನಕ್ಕೊಂದು ಹೊಸ ಪುಟ ಬರೆಯುತ್ತಾರೆ, “ಇಂದಿನ ಅಡಿಕೆ ಧಾರಣೆ” ಎಂದು ತಲೆಬರಹ, ಕೆಳಗೆ ತಾರೀಖು. ನಾಳೆ ಆ ಪುಟ ಸತ್ತಿರುತ್ತದೆ, ಸತ್ತದ್ದೆಲ್ಲ ಬ್ಲಾಗಿನಲ್ಲೇ ಉಳಿದಿರುತ್ತದೆ. ನಾನು ಒಂದೇ ಪುಟವನ್ನು ಇಟ್ಟುಕೊಂಡು ಅದರಲ್ಲೇ ಅಂಕಿ ಬದಲಿಸುತ್ತೇನೆ. ಓದುಗರು ಆ ಒಂದು ವಿಳಾಸವನ್ನು ಮೊಬೈಲಿನಲ್ಲಿ ಉಳಿಸಿಟ್ಟುಕೊಂಡಿದ್ದಾರೆ, ಹುಡುಕಾಟದ ಯಂತ್ರವೂ ಅದನ್ನು ಗುರುತು ಹಿಡಿದಿದೆ. ಬೆಲೆಯ ಕೋಷ್ಟಕದ ಕೆಳಗೆ, ಬೆಲೆ ಯಾಕೆ ಏರಿಳಿಯುತ್ತದೆ ಎಂದು ನಾಲ್ಕು ಪ್ಯಾರಾ ಇದೆ. 2023ರ ಫೆಬ್ರುವರಿಯಲ್ಲಿ ಆಮದು ಅಡಿಕೆಯ ಕನಿಷ್ಠ ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದಾಗ ಅದನ್ನು ಪ್ರತ್ಯೇಕ ಸುದ್ದಿಯಾಗಿ ಬರೆಯದೆ ಆ ಪ್ಯಾರಾಗಳಲ್ಲೇ ಸೇರಿಸಿದೆ. ಸುದ್ದಿಯಾಗಿ ಬರೆದವರ ಪುಟಗಳು ಎರಡು ದಿನ ಓಡಿದವು. ನನ್ನ ಆ ನಾಲ್ಕು ಸಾಲನ್ನು ಈಗಲೂ ಯಾರೋ ಓದುತ್ತಿರುತ್ತಾರೆ, ಬೆಲೆ ಬಿದ್ದಾಗಲೆಲ್ಲ ಇನ್ನೂ ಹೆಚ್ಚು.

ಅಷ್ಟಾದರೂ ಬೆಲೆಯ ಪುಟವನ್ನು ಬಿಟ್ಟುಬಿಡೋಣವೇ ಎಂದು ಪ್ರತಿ ಚಳಿಗಾಲದಲ್ಲಿ ಅನ್ನಿಸುತ್ತದೆ. ನವೆಂಬರಿನಿಂದ ಕೊನೆ, ಅಂದರೆ ಅಡಿಕೆ ಗೊನೆ, ಕೊಯ್ಲು. ಹಗಲೆಲ್ಲ ಕೊನೆ ಇಳಿಸಿ, ಹೊತ್ತು ತಂದು, ರಾತ್ರಿ ಅಡಿಕೆ ಸುಲಿಯುವವರಿಗೆ ಕಾಫಿ ಮಾಡಿ, ಅಡಿಕೆ ಬೇಯಿಸುವ ಒಲೆ ಆರದಂತೆ ನೋಡಿಕೊಂಡು, ಮಲಗುವ ಮೊದಲು ಪುತ್ತೂರಿನ ಚಾಲಿಗೆ ಎಷ್ಟಾಯಿತು ಎಂದು ತುಂಬುವುದು ಎಂದರೆ ಬೆರಳೇ ಮುಷ್ಕರ ಹೂಡುತ್ತದೆ. ಈ ವರ್ಷದಿಂದ ಅದನ್ನು ನಾದಿನಿಯ ಮಗಳಿಗೆ ಒಪ್ಪಿಸಿದ್ದೇನೆ. ಅವಳು ಪದವಿ ಓದುತ್ತಿದ್ದಾಳೆ. ಆ ಪುಟದ ಗಳಿಕೆಯಲ್ಲಿ ಅವಳಿಗೆ ಅರ್ಧ. ಅವಳು ಅಂಕಿ ತುಂಬುವುದು ಬಸ್ಸಿನಲ್ಲಿ ಕೂತು.

ರೋಹಿಣಿಗೆ ಮೊದಲು

ಇನ್ನು ನನ್ನ ಜೂನ್ ತಿಂಗಳ ವಿಷಯ. ಬೋರ್ಡೋ ದ್ರಾವಣ ಮಾಡುವ ಕ್ರಮವನ್ನು ಬರೆದ ಪುಟವೊಂದಿದೆ. ಬ್ಲಾಗಿನ ಗಳಿಕೆಯಲ್ಲಿ ಅತಿ ದೊಡ್ಡ ಪಾಲು ಅದರದೇ. ಅದರಲ್ಲಿ ಹೊಸದೇನೂ ಇಲ್ಲ. ಒಂದು ಕಿಲೋ ಮೈಲುತುತ್ತ ಐವತ್ತು ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣ ಇನ್ನೊಂದು ಐವತ್ತು ಲೀಟರಿನಲ್ಲಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ಸುರಿಯುತ್ತ ಕಲಕಬೇಕು, ಪಾತ್ರೆ ಕಬ್ಬಿಣದ್ದಾಗಬಾರದು, ಮಾಡಿದ ದಿನವೇ ಹೊಡೆದು ಮುಗಿಸಬೇಕು. ಅಜ್ಜಂದಿರ ಕಾಲದಿಂದ ಎಲ್ಲರಿಗೂ ಗೊತ್ತು. ಎಲ್ಲರಿಗೂ ಗೊತ್ತಿದ್ದರೂ ಮೇ ತಿಂಗಳ ಕೊನೆಯಲ್ಲಿ, ಬ್ಯಾರಲ್ಲಿನ ಮುಂದೆ ನಿಂತಾಗ, ಯಾವುದನ್ನು ಯಾವುದಕ್ಕೆ ಸುರಿಯುವುದು ಎಂದು ಪ್ರತಿಯೊಬ್ಬರಿಗೂ ಅನುಮಾನ ಬರುತ್ತದೆ. ಆಗ ಜೇಬಿನಿಂದ ಮೊಬೈಲು ತೆಗೆಯುತ್ತಾರೆ.

ಮುಂಗಾರು ಕಾಲಿಡುವ ಮೊದಲು ಒಂದು ಮದ್ದು, ಅದಾಗಿ ನಲವತ್ತು, ನಲವತ್ತೈದು ದಿನಕ್ಕೆ ಇನ್ನೊಂದು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ರೋಹಿಣಿ ಮಳೆಯ ಹೊತ್ತಿಗೆ ಮೊದಲನೆಯದು, ಪುನರ್ವಸು, ಪುಷ್ಯದ ನಡುವೆ ಬಿಸಿಲು ಕಂಡ ದಿನ ಎರಡನೆಯದು. ನನ್ನ ಓದುಗರ ಸಂಖ್ಯೆಯ ರೇಖೆಯನ್ನು ತೆರೆದು ನೋಡಿದರೆ ಈ ಎರಡು ಗುಡ್ಡಗಳು ಎದ್ದು ಕಾಣುತ್ತವೆ. ಪಂಚಾಂಗ ಇಲ್ಲದೆಯೂ ಮಳೆ ನಕ್ಷತ್ರ ಹೇಳಬಹುದು. ಮೃಗಶಿರಾ ಬಂದು ಮಳೆ ಬಾರದಿದ್ದರೆ ಗುಡ್ಡ ಬಲಕ್ಕೆ ಸರಿಯುತ್ತದೆ. ಆರಿದ್ರಾದಲ್ಲಿ ಬಿಡದೆ ಹೊಡೆದರೆ ಅದರ ಬೆನ್ನಿಗೇ “ಕೊಳೆ ಬಂದ ಮೇಲೆ ಏನು ಮಾಡುವುದು” ಎಂಬ ಹುಡುಕಾಟ ಶುರುವಾಗುತ್ತದೆ.

ಈಗ ಇದರ ಇಕ್ಕಟ್ಟು ನೋಡಿ. ಓದುಗರಿಗೆ ಈ ಪುಟ ಬೇಕಾಗುವ ದಿನಗಳಲ್ಲಿ ನಾನೂ ಬ್ಯಾರಲ್ಲಿನ ಪಕ್ಕದಲ್ಲೇ ಇರುತ್ತೇನೆ. ಮದ್ದು ಹೊಡೆಯುವವರು ನಾಲ್ಕು ಮನೆಗೆ ಒಬ್ಬರು. ಅವರು ಬಂದ ದಿನ ಊರಿನವರೆಲ್ಲರ ಕೆಲಸವೂ ನಿಲ್ಲುತ್ತದೆ. ನನ್ನ ಹೊತ್ತು ಬಿಗಿಯಾದಾಗಲೇ ಓದುಗರ ಅಗತ್ಯವೂ ಏರುವುದು, ಯಾಕೆಂದರೆ ಇಬ್ಬರ ತೋಟದ ಮೇಲೂ ಒಂದೇ ಮೋಡ. ಅಲ್ಲದೆ ಪುಟವನ್ನು ಹಾಕಿದ ಕೂಡಲೇ ಗೂಗಲ್ ಅದನ್ನು ಮುಂದೆ ತಂದು ನಿಲ್ಲಿಸುವುದಿಲ್ಲ, ನನ್ನಂಥ ಸಣ್ಣ ಬ್ಲಾಗಿನದನ್ನಂತೂ ಇಲ್ಲ. ಕೆಲವು ವಾರಗಳೋ ತಿಂಗಳುಗಳೋ ಬೇಕು. ಜೂನ್‌ನಲ್ಲಿ ಬರೆದದ್ದು ಸೆಪ್ಟೆಂಬರಿನಲ್ಲಿ ಮೇಲೆ ಬಂದರೆ ಅಷ್ಟರಲ್ಲಿ ಕೊಳೆಗೆ ಬಲಿಯಾದ ಕಾಯಿ ನೆಲದಲ್ಲಿರುತ್ತದೆ. ಹಾಗಾಗಿ ಮಳೆಗಾಲದ ಪುಟಗಳನ್ನು ನಾನು ಬರೆಯುವುದು ಫಾಲ್ಗುಣ, ಚೈತ್ರದಲ್ಲಿ. ಕೊಯ್ಲು ಮುಗಿದು, ಅಡಿಕೆ ಒಣಗಿ, ಹಪ್ಪಳ ಸಂಡಿಗೆ ಶುರುವಾಗುವ ಮುಂಚಿನ ಆ ಸ್ವಲ್ಪ ಅವಧಿ ಇದೆಯಲ್ಲ, ನನ್ನ ಬ್ಲಾಗಿನ ನಿಜವಾದ ದುಡಿಮೆ ಇರುವುದು ಅಲ್ಲಿ. ಹೊರಗೆ ಮಾವಿನ ಮಿಡಿ ಉದುರುತ್ತಿರುವಾಗ ಒಳಗೆ ಕೂತು ಬಿಡದೆ ಸುರಿಯುವ ಮಳೆಯ ಬಗ್ಗೆ ಬರೆಯುವುದು ವಿಚಿತ್ರವೇ. ಕೊಯ್ಲಿನ ವಿಷಯ ಬರೆಯುವುದು ಭಾದ್ರಪದದಲ್ಲಿ, ಚೌತಿ ಮುಗಿದ ಮೇಲೆ.

ಎರಡನೆಯ ದೊಡ್ಡ ಪುಟ ಬೆಳೆ ವಿಮೆಯದು. ಹವಾಮಾನ ಆಧಾರಿತ ವಿಮೆ 2016ರಿಂದ ಹೊಸ ರೂಪದಲ್ಲಿ ನಡೆಯುತ್ತಿದೆ. ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತ, ರೈತರ ಪಾಲಿನ ಕಂತು ಅದರ ಶೇಕಡಾ 5, ಅಂದರೆ 6,400 ಎಂದು ನಾನು ಬರೆದಿದ್ದೆ. ಪಂಚಾಯತಿ ಮಟ್ಟದ ಮಳೆಮಾಪಕದ ಅಂಕಿಯ ಮೇಲೆ ಪರಿಹಾರ ನಿರ್ಧಾರವಾಗುತ್ತದೆ ಎಂಬುದನ್ನು ವಿವರಿಸಲು ಹಿಡಿದ ಹೊತ್ತು ಅಷ್ಟಿಷ್ಟಲ್ಲ. ನಿಮ್ಮ ತೋಟದಲ್ಲಿ ಎಷ್ಟು ಕೊಳೆ ಬಂತು ಎಂದು ಯಾರೂ ನೋಡಲು ಬರುವುದಿಲ್ಲ, ಮಾಪಕದಲ್ಲಿ ಎಷ್ಟು ನೀರು ಬಿತ್ತು ಎಂಬುದೇ ಲೆಕ್ಕ, ಎಂದು ಬರೆದರೆ ಜನ ನಂಬುವುದಿಲ್ಲ. ಈ ಪುಟದ ಮೂಳೆ ಮಾಂಸ ಒಂದೇ ಸಲ ಬರೆದದ್ದು. ಆದರೆ ಕೊನೆಯ ದಿನಾಂಕ ವರ್ಷ ವರ್ಷ ಬದಲಾಗುತ್ತದೆ, ಬೇಕಾಗುವ ಕಾಗದಪತ್ರ ಬದಲಾಗುತ್ತದೆ. ಹೊಸ ಆದೇಶ ಬಂದ ದಿನ ಅಷ್ಟನ್ನೇ ತಿದ್ದುತ್ತೇನೆ. ಕೆಲಸ ಕಡಿಮೆ, ಯಾಕೆಂದರೆ ಭಾರದ ಕೆಲಸ ಫಾಲ್ಗುಣದಲ್ಲೇ ಆಗಿರುತ್ತದೆ.

ಹಳೆಯದನ್ನು ತಿದ್ದುವುದಕ್ಕೆ ಯಾರೂ ಸಮಯ ಎತ್ತಿಡುವುದಿಲ್ಲ ಎಂಬುದು ನನಗೆ ಎಂದೂ ಅರ್ಥವಾಗದ ಸಂಗತಿ. ವೇಳಾಪಟ್ಟಿಗಳಲ್ಲೆಲ್ಲ ವಾರಕ್ಕೆ ಮೂರು ಹೊಸ ಬರಹ, ನಾಲ್ಕು ಹೊಸ ಬರಹ ಎಂದು ಇರುತ್ತದೆಯೇ ಹೊರತು ಹಳೆಯ ಬರಹಕ್ಕೆ ಒಂದು ಸೋಮವಾರವೂ ಇಲ್ಲ. ತೋಟದವರಿಗೆ ಈ ಲೆಕ್ಕ ಕಷ್ಟವಲ್ಲ. ವರ್ಷವೂ ಹೊಸ ಸಸಿ ನೆಟ್ಟುಕೊಂಡೇ ಹೋಗಿ ಇದ್ದ ಮರಕ್ಕೆ ಗೊಬ್ಬರ ಹಾಕದವರನ್ನು ಊರಿನಲ್ಲಿ ಏನೆನ್ನುತ್ತಾರೆ ಎಂದು ಬೇರೆ ಹೇಳಬೇಕಿಲ್ಲ.

ನೂರು ಡಾಲರಿನ ಗಡಿ

ಹಣದ ಮಾತು ಆಡಿದರೆ ಎಲ್ಲರ ಕಿವಿ ನೆಟ್ಟಗಾಗುತ್ತದೆ, ಆದರೆ ಇದರಲ್ಲಿ ಹೇಳುವುದು ಕಡಿಮೆ. ಬ್ಲಾಗಿನಲ್ಲಿ ಜಾಹೀರಾತು ತೋರಿಸಿ ಬರೆದವರಿಗೆ ಪಾಲು ಕೊಡುವ ಗೂಗಲ್‌ನ ಆಡ್‌ಸೆನ್ಸ್ 2003ರಲ್ಲಿ ಆರಂಭವಾಯಿತು. ಹಿಂದಿಗೆ ಅದು ತೆರೆದದ್ದು 2014ರ ಕೊನೆಯಲ್ಲಿ, ಬಂಗಾಳಿಗೆ 2017ರಲ್ಲಿ, ತಮಿಳು ಮತ್ತು ತೆಲುಗಿಗೆ 2018ರಲ್ಲಿ. ಕನ್ನಡದ ಸರದಿ ಅವೆಲ್ಲ ಆದ ಮೇಲೆ. ಅಲ್ಲಿಯವರೆಗೆ ಕನ್ನಡದಲ್ಲಿ ಬರೆದವರು ಬರೆಯುವ ಸುಖಕ್ಕೆ ಬರೆದರು, ಅದಕ್ಕೇ ಆ ಕಾಲದ ಬ್ಲಾಗುಗಳು ಅಷ್ಟು ಚೆನ್ನಾಗಿದ್ದವು ಎಂದು ಕೆಲವರು ಹೇಳುತ್ತಾರೆ. ಇರಬಹುದು. ಆದರೆ ಸುಖಕ್ಕೆ ಬರೆಯಲು ಬಿಡುವಿದ್ದವರು ಯಾರು ಎಂದೂ ಕೇಳಬೇಕು. ಬರೆದದ್ದಕ್ಕೆ ಹಣ ಬರುತ್ತದೆ ಎಂದಾದ ಮೇಲೆಯೇ ನಮ್ಮ ಮನೆಯಲ್ಲಿ ನನ್ನ ಮಧ್ಯಾಹ್ನದ ಹೊತ್ತಿಗೆ ಒಂದು ಬೆಲೆ ಬಂದದ್ದು. ಅದಕ್ಕೆ ಮೊದಲು ನಾನು “ಮೊಬೈಲು ಒತ್ತುತ್ತ ಕೂತಿರುವವಳು”. ಈಗ “ಅವಳಿಗೆ ಕೆಲಸ ಇದೆ, ಕರೆಯಬೇಡಿ” ಎಂದು ಅತ್ತೆಯೇ ಮಕ್ಕಳನ್ನು ಗದರುತ್ತಾರೆ.

ಗಳಿಕೆ ಹತ್ತು ಡಾಲರ್ ಮುಟ್ಟಿದಾಗ ವಿಳಾಸ ಖಚಿತಪಡಿಸಿಕೊಳ್ಳಲು ಅಂಚೆಯಲ್ಲಿ ಒಂದು ಗುಪ್ತಸಂಖ್ಯೆಯ ಕಾಗದ ಬರುತ್ತದೆ. ಅದು ಬರಬೇಕಾದರೆ ನಮ್ಮ ಊರಿನ ಹೊಳೆ ಇಳಿದಿರಬೇಕು. ನೂರು ಡಾಲರ್ ಮುಟ್ಟುವವರೆಗೆ ಹಣ ಕೈಗೆ ಬರುವುದಿಲ್ಲ, ಮುಂದಿನ ತಿಂಗಳಿಗೆ ಸಾಗುತ್ತದೆ. ಮುಟ್ಟಿದರೆ ಮರುತಿಂಗಳ 21ರಿಂದ 26ರೊಳಗೆ ಅಲ್ಲಿಂದ ಹೊರಡುತ್ತದೆ. ಸಾವಿರ ವೀಕ್ಷಣೆಗೆ ಅರ್ಧ ಡಾಲರ್ ಎಂದು ಇಟ್ಟುಕೊಂಡರೆ ನೂರು ಡಾಲರಿಗೆ ಎರಡು ಲಕ್ಷ ವೀಕ್ಷಣೆ ಬೇಕು. ಅಮೆರಿಕದಲ್ಲಿ ಇಂಗ್ಲಿಷಿನಲ್ಲಿ ಬರೆಯುವವರಿಗೆ ಅಷ್ಟು ಹಣಕ್ಕೆ ಇದರ ಸಣ್ಣ ಪಾಲು ಓದುಗರು ಸಾಕು. ಅವರು ಬರೆದ ಸಮಯದ ಸೂತ್ರಗಳನ್ನು ನಾವು ಹಾಗೆಯೇ ಎತ್ತಿಕೊಂಡರೆ ಲೆಕ್ಕ ಕೂಡುವುದಿಲ್ಲ. ಅವರ ಒಂದು ಗಂಟೆಗೆ ಬೆಲೆ ಬೇರೆ, ನಮ್ಮದಕ್ಕೆ ಬೇರೆ. ಕನ್ನಡದಲ್ಲಿ ಒಂದು ಪುಟ ಒಂದು ವಾರ ಮಾತ್ರ ಬದುಕಿದರೆ ಅದಕ್ಕೆ ಕೊಟ್ಟ ಹೊತ್ತಿಗೆ ಕೂಲಿ ಗಿಟ್ಟುವುದಿಲ್ಲ. ಐದು ಮಳೆಗಾಲ ಬದುಕಿದರೆ ಗಿಟ್ಟುತ್ತದೆ. ಅರ್ಧ ಡಾಲರಿನ ಭಾಷೆಯಲ್ಲಿ ಬರೆಯುವವರಿಗೆ ಬೇರೆ ದಾರಿ ನನಗಂತೂ ಕಂಡಿಲ್ಲ. (ಜಾಹೀರಾತಿನವರ ಕೈ ಧಾರಾಳವಾಗುವುದು ದಸರಾ, ದೀಪಾವಳಿಯ ತಿಂಗಳುಗಳಲ್ಲಿ. ನನ್ನ ಓದುಗರು ಬರುವುದು ಜೂನ್‌ನಲ್ಲಿ. ಈ ಜಾತಕ ಕೂಡಿಬರುವಂತೆ ಮಾಡಲು ಯಾವ ವೇಳಾಪಟ್ಟಿಯಿಂದಲೂ ಆಗುವುದಿಲ್ಲ.)

ಈಗ ಇದಕ್ಕೆಲ್ಲ ಇನ್ನೊಂದು ಸೇರಿಕೊಂಡಿದೆ. ಯಂತ್ರಕ್ಕೆ ಹೇಳಿದರೆ ಅಡಿಕೆ ಕೊಳೆರೋಗದ ಬಗ್ಗೆ ಒಂದು ನಿಮಿಷದಲ್ಲಿ ಸಾವಿರ ಪದ ಬರೆದು ಕೊಡುತ್ತದೆ. ತಪ್ಪೂ ಹೆಚ್ಚಿರುವುದಿಲ್ಲ. ಹಾಗೆ ರಾಶಿ ಹಾಕಿದ ಪುಟಗಳನ್ನು ಹಿಂದೆ ತಳ್ಳುವುದಾಗಿ 2024ರ ಮಾರ್ಚ್‌ನಲ್ಲಿ ಗೂಗಲ್ ನಿಯಮ ತಂದಿತು, ಆದರೂ ರಾಶಿ ಬೆಳೆಯುತ್ತಲೇ ಇದೆ. ಮೇಲಿಂದ ಮೇಲೆ ಹುಡುಕಾಟದ ಪುಟವೇ ಉತ್ತರವನ್ನೂ ಹೇಳಿಬಿಡುತ್ತದೆ, ನಮ್ಮ ಬಾಗಿಲಿಗೆ ಬರುವ ಅಗತ್ಯವೇ ಇಲ್ಲ. ಇಂಥ ಕಾಲದಲ್ಲಿ ಗಂಟೆಗಳನ್ನು ಲೆಕ್ಕ ಹಾಕುವುದಕ್ಕೆ ಇನ್ನಷ್ಟು ಅರ್ಥವಿಲ್ಲವಾಗಿದೆ. ನಾಲ್ಕು ಗಂಟೆ ಕೂತು ಬರೆದೆ ಎಂಬುದು ಯಂತ್ರದ ಒಂದು ನಿಮಿಷದ ಮುಂದೆ ಯಾವ ಹೆಗ್ಗಳಿಕೆಯೂ ಅಲ್ಲ. ಆ ನಾಲ್ಕು ಗಂಟೆಯ ಒಳಗೆ ಏನು ಇತ್ತು ಎಂದು ಕೇಳಿದರೆ ಮಾತ್ರ ನಮಗೊಂದು ಜಾಗ ಉಳಿದೀತು.

“ಯಜಮಾನರಿಗೆ ಕೊಡಿ”

ಬ್ಲಾಗಿನ ಕೆಳಗೆ ನನ್ನ ಫೋನ್ ಸಂಖ್ಯೆ ಇದೆ. ಸಮಯ ಉಳಿಸುವ ಶಾಸ್ತ್ರ ಬಲ್ಲವರು ಮೊದಲು ತೆಗೆಯಲು ಹೇಳುವುದು ಅದನ್ನೇ. ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಮಾತ್ರ ಎಂದು ದಪ್ಪಕ್ಷರದಲ್ಲಿ ಬರೆದಿದ್ದೇನೆ. ಬೆಳಿಗ್ಗೆ ಆರೂಕಾಲಿಗೆ ಕರೆಯುವವರು ಅದನ್ನೂ ಓದಿಯೇ ಕರೆಯುತ್ತಾರೆ, “ಮೂರು ಗಂಟೆಗೆ ನಮಗೆ ಬಿಡುವಿರುವುದಿಲ್ಲ” ಎನ್ನುತ್ತಾರೆ. ಕರೆದವರಲ್ಲಿ ಬಹಳ ಮಂದಿಯ ಮೊದಲ ಮಾತು “ಯಜಮಾನರಿಗೆ ಕೊಡಿ.” ಯಜಮಾನರಿಗೆ ಬ್ಲಾಗಿನ ಗುಪ್ತಪದವೂ ಗೊತ್ತಿಲ್ಲ. ಮೊದಲೆಲ್ಲ ವಿವರಿಸುತ್ತಿದ್ದೆ. ಈಗ “ಯಜಮಾನರು ಮರದ ಮೇಲಿದ್ದಾರೆ, ನನ್ನ ಹತ್ತಿರವೇ ಹೇಳಿ” ಎನ್ನುತ್ತೇನೆ, ಬೇಗ ಮುಗಿಯುತ್ತದೆ.

ಒಂದು ಮಳೆಗಾಲದ ಆರಂಭದಲ್ಲಿ ಸಂಜೆ ಚನ್ನಗಿರಿಯ ಕಡೆಯಿಂದ ಒಬ್ಬರು ಕರೆದರು. ನಮ್ಮಲ್ಲಿ ಮಧ್ಯಾಹ್ನದಿಂದಲೇ ಕರೆಂಟು ಹೋಗಿತ್ತು, ಮೊಬೈಲಿನ ಬ್ಯಾಟರಿ ತಳ ಕಂಡಿತ್ತು, ಸಿಗ್ನಲ್ ಸಿಗುವುದು ಅಂಗಳದ ಒಂದು ಮೂಲೆಯಲ್ಲಿ, ಅಲ್ಲಿ ಹನಿ ಬೀಳುತ್ತಿತ್ತು. ಯಜಮಾನರ ಶಾಸ್ತ್ರ ಮುಗಿದ ಮೇಲೆ ಅವರು ಹೇಳಿದ್ದು ಇದು: ನೀವು ಬರೆದಂತೆಯೇ ಮಾಡಿದ್ದೇನೆ, ಆದರೆ ಈ ಸಲ ತಂದ ಸುಣ್ಣದ ಮೇಲೆ ನನಗೆ ನಂಬಿಕೆಯಿಲ್ಲ, ದ್ರಾವಣದ ಬಣ್ಣ ಎಂದಿನ ಹಾಗಿಲ್ಲ, ಹೊಡೆಯಲೋ ಚೆಲ್ಲಲೋ? ಲಿಟ್ಮಸ್ ಕಾಗದ ಇದೆಯೇ ಎಂದರೆ ಇಲ್ಲ. ಕತ್ತಿ ಇದೆಯೇ ಎಂದು ಕೇಳಿದೆ. ತೋಟದಲ್ಲಿ ನಿಂತವರ ಕೈಯಲ್ಲಿ ಕತ್ತಿ ಇರದೆ ಏನು. ಅಲಗನ್ನು ಚೆನ್ನಾಗಿ ಉಜ್ಜಿ ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ, ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದು ಅರ್ಥ, ಇನ್ನಷ್ಟು ಸುಣ್ಣದ ತಿಳಿ ಸೇರಿಸಿ ಮತ್ತೆ ಅದ್ದಿ ನೋಡಿ, ಎಂದೆ. ಕರೆಯನ್ನು ಕಡಿಯದೆ ಅವರು ಬ್ಯಾರಲ್ಲಿನ ಕಡೆ ನಡೆದರು. ಕೆಸರಿನಲ್ಲಿ ಹೆಜ್ಜೆಯ ಸದ್ದು, ಯಾರನ್ನೋ ಬೈದದ್ದು, ಆಮೇಲೆ ದೂರದಿಂದ “ಹತ್ತಿದೆ, ಹತ್ತಿದೆ!” ಎಂಬ ಕೂಗು. ಸುಣ್ಣ ಹಾಕಿದರು. ಮತ್ತೆ ಅದ್ದಿದರು. “ಈಗ ಬೆಳ್ಳಗಿದೆ” ಎಂದರು. ಅಷ್ಟರಲ್ಲಿ ನನ್ನ ಮೊಬೈಲು ಆರಿತು.

ಕತ್ತಿಯ ಪರೀಕ್ಷೆ ನನ್ನ ಮಾವ ಮಾಡುತ್ತಿದ್ದುದನ್ನು ನೋಡಿ ಕಲಿತದ್ದು. ಅದನ್ನು ಬರೆಯುವಂಥ ಸಂಗತಿ ಎಂದು ಯಾರಿಗೂ ಅನ್ನಿಸುವುದಿಲ್ಲ, ಅಷ್ಟು ಮಾಮೂಲು. ಆ ಕರೆಯ ಮರುದಿನ ಪುಟದಲ್ಲಿ ಒಂದು ಪ್ಯಾರಾ ಸೇರಿಸಿದೆ, ಹೆಂಡತಿಯ ಕೈಗೆ ಫೋನು ಕೊಟ್ಟು ತೆಗೆಸಿದ ಕತ್ತಿಯ ಚಿತ್ರವನ್ನು ಅವರು ವಾಟ್ಸಾಪಿನಲ್ಲಿ ಕಳಿಸಿದ್ದರು, ಕೇಳಿ ಅದನ್ನೂ ಹಾಕಿದೆ. ಜನ ಏನನ್ನು ಹುಡುಕಿ ನಮ್ಮಲ್ಲಿಗೆ ಬರುತ್ತಾರೆ ಎಂದು ತೋರಿಸುವ ಗೂಗಲ್‌ನ ಪಟ್ಟಿಯೊಂದಿದೆ. ಅದರಲ್ಲಿ ಬಹುಪಾಲು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದ ಕನ್ನಡ. ಮುಂದಿನ ಮಳೆಗಾಲದಲ್ಲಿ ಆ ಪಟ್ಟಿಯೊಳಗೆ ಬೋರ್ಡೋ ಮತ್ತು ಕತ್ತಿ ಒಟ್ಟೊಟ್ಟಿಗೆ ಕಾಣತೊಡಗಿದವು. ಆ ಪ್ಯಾರಾ ಬರೆಯಲು ಹಿಡಿದದ್ದು ಹಾಲು ಉಕ್ಕುವಷ್ಟು ಹೊತ್ತು. ವೇಳಾಪಟ್ಟಿಯಲ್ಲಿ ಅದಕ್ಕೆಂದು ಯಾವ ಚೌಕವನ್ನೂ ಮೀಸಲಿಡಲು ಬರುತ್ತಿರಲಿಲ್ಲ, ಯಾಕೆಂದರೆ ಆ ಕರೆ ಬರುತ್ತದೆ ಎಂದು ಮೊದಲೇ ಗೊತ್ತಿರುವುದು ಹೇಗೆ? ಫೋನ್ ಸಂಖ್ಯೆ ತೆಗೆದು ವಾರಕ್ಕೆ ಐದಾರು ಗಂಟೆ ಉಳಿಸಬಹುದಿತ್ತು. ಉಳಿಸಿದ ಆ ಗಂಟೆಗಳಲ್ಲಿ ಏನು ಬರೆಯುತ್ತಿದ್ದೆ? ಯಂತ್ರ ಬರೆಯುವಂಥದ್ದನ್ನೇ.

ಕರೆಗಳಿಗೆಲ್ಲ ಇಂಥ ಫಲ ಇರುತ್ತದೆ ಎಂದಲ್ಲ. ಬಹಳಷ್ಟು ಬರೀ ಹರಟೆ. ಒಬ್ಬರು ಪ್ರತಿ ಶುಕ್ರವಾರ ಕರೆದು ಬೆಲೆ ಏರುತ್ತದೆಯೇ ಎಂದು ಕೇಳುತ್ತಾರೆ, ನನಗೆ ಗೊತ್ತಿದ್ದರೆ ಬ್ಲಾಗು ಯಾಕೆ ಬರೆಯುತ್ತಿದ್ದೆ ಎಂದರೆ ನಕ್ಕು ಮುಂದಿನ ಶುಕ್ರವಾರ ಮತ್ತೆ ಕರೆಯುತ್ತಾರೆ. ವಿಡಿಯೋ ಮಾಡಿ ಎನ್ನುವವರು ಅನೇಕರು. ಅದರಲ್ಲಿ ಹಣ ಹೆಚ್ಚು ಎಂಬುದೂ ಇ‍ರಬಹುದು. ಆದರೆ ವಿಡಿಯೋಕ್ಕೆ ಹಗಲು ಬೇಕು, ಬೆಳಕು ಬೇಕು, ನಾಯಿ ಬೊಗಳದ ಹತ್ತು ನಿಮಿಷ ಬೇಕು. ಬರಹವನ್ನು ಅರ್ಧಕ್ಕೆ ಬಿಟ್ಟು ಎದ್ದು ಹೋಗಿ ಬಂದು ಅಲ್ಲಿಂದಲೇ ಮುಂದುವರಿಸಬಹುದು. ಮನೆಯ ಹೆಂಗಸರಿಗೆ ಬರಹ ಹೊಂದುವುದು ಇದೊಂದೇ ಕಾರಣಕ್ಕೆ ಇರಬಹುದೇನೋ.

ಸದ್ಯ ಕಪಾಟಿನ ಬಾಗಿಲಿನ ಕಾಗದದಲ್ಲಿ ಮೊದಲನೆಯ ಹೆಸರು ಕಾಳುಮೆಣಸಿನ ಸೊರಗು ರೋಗದ್ದು. ಹಲವರು ಕೇಳುತ್ತಿದ್ದಾರೆ, ಅಡಿಕೆ ಮರಕ್ಕೆ ಹಬ್ಬಿಸಿದ ಬಳ್ಳಿ ಒಂದೆರಡು ವಾರದಲ್ಲೇ ಎಲೆ ಉದುರಿಸಿ ನಿಲ್ಲುತ್ತದೆ ಎಂದು. ಬರೆಯಲು ಬೇಕಾದದ್ದೆಲ್ಲ ಹೆಚ್ಚುಕಡಿಮೆ ಇದೆ, ಒಂದು ಬಿಟ್ಟು. ರೋಗದ ಮೊದಲ ಲಕ್ಷಣವಾಗಿ ಎಲೆಯ ಮೇಲೆ ಕಾಣುವ ಕಪ್ಪು ಮಚ್ಚೆಯ ಚಿತ್ರ ನನ್ನ ಹತ್ತಿರ ಇಲ್ಲ. ಬೇರೆಯವರ ಚಿತ್ರ ಎತ್ತಿ ಹಾಕುವುದು ನನಗೆ ಒಗ್ಗುವುದಿಲ್ಲ, ಮತ್ತು ಆ ಪುಟಕ್ಕೆ ಬರುವವರು ತಮ್ಮ ಬಳ್ಳಿಯನ್ನು ಪಕ್ಕದಲ್ಲಿ ಹಿಡಿದು ಹೋಲಿಸಿ ನೋಡುವುದು ಆ ಚಿತ್ರವನ್ನೇ. ಅದು ಸಿಗಬೇಕಾದರೆ ಮಳೆ ಬರಬೇಕು, ಯಾರದಾದರೂ ಬಳ್ಳಿಗೆ ರೋಗ ತಗುಲಬೇಕು, ಅವರ ತೋಟಕ್ಕೆ ನಾನು ಎಲೆ ಉದುರುವ ಮೊದಲು ಮುಟ್ಟಬೇಕು. ಪಕ್ಕದೂರಿನ ಒಂದಿಬ್ಬರಿಗೆ ಹೇಳಿಟ್ಟಿದ್ದೇನೆ, ಮಚ್ಚೆ ಕಂಡ ದಿನವೇ ಕರೆಯಿರಿ, ಮೂರರಿಂದ ನಾಲ್ಕು ಎಂದೆಲ್ಲ ನೋಡಬೇಡಿ ಎಂದು. ಚಿತ್ರ ಈ ಆಷಾಢದಲ್ಲಿ ಸಿಕ್ಕರೆ ಬರೆಯುವುದು ಬರುವ ಫಾಲ್ಗುಣದಲ್ಲಿ. ನಮ್ಮದೇ ತೋಟದ ಬಳ್ಳಿಗೆ ಬಂದುಬಿಟ್ಟರೆ ಓಡಾಟವೇನೋ ತಪ್ಪುತ್ತದೆ, ಆದರೆ ಹಾಗಾಗಲಿ ಎಂದು ಹೇಳುವಷ್ಟು ದೊಡ್ಡ ಬ್ಲಾಗರ್ ನಾನಿನ್ನೂ ಆಗಿಲ್ಲ.